ಊರು ಬಿಟ್ಟ ಇಲಿಗೆ ಹೊಸ ಹವೆ ಒಗ್ಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ವರ್ಷ ಪ್ರಾಣಿಶಾಸ್ತ್ರದ ಪಾಠ ಹೇಳಿ, ಈಗ ಮಡಿಕೇರಿಯ ಪಕ್ಕದಲ್ಲಿ ಸಣ್ಣದೊಂದು ಕಾಫಿ ತೋಟ ನೋಡಿಕೊಂಡಿರುವ ನನಗೆ ಇಲಿಯ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ತವೆ. ಹಳೆಯ ವಿದ್ಯಾರ್ಥಿಗಳು ಪತ್ರ ಬರೆದು ಕೇಳುತ್ತಾರೆ, ಅಕ್ಕಪಕ್ಕದ ತೋಟದವರು ಕಾಫಿ ಒಣಗಿಸುವ ಕಣದ ಬದಿಯಲ್ಲಿ ನಿಂತು ಕೇಳುತ್ತಾರೆ. ಕೇಳಿದವರ ಮಾತನ್ನು ಹೆಚ್ಚು ತಿದ್ದದೆ ಇಲ್ಲಿ ಕೊಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ.

## ಮೊದಲ ಪ್ರಶ್ನೆಗಳು

ಸಾರ್, ಇಲಿ ಎಲ್ಲ ಕಡೆಯೂ ಇದೆ. ಮತ್ತೆ "ಆಕ್ರಮಣಕಾರಿ ಇಲಿ" ಅಂದರೆ ಯಾವುದು?

ತನ್ನ ಮೂಲ ನೆಲೆಯನ್ನು ಬಿಟ್ಟು, ಮನುಷ್ಯನ ಸರಕಿನ ಜೊತೆ ಬೇರೆಡೆಗೆ ಹೋಗಿ, ಅಲ್ಲಿ ತಳವೂರಿ, ಅಲ್ಲಿನ ಜೀವಿಗಳಿಗೂ ಬೆಳೆಗೂ ಹಾನಿ ಮಾಡುವ ಜಾತಿಯನ್ನು ಆಕ್ರಮಣಕಾರಿ ಎನ್ನುತ್ತಾರೆ. ಜಗತ್ತಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ದಂಶಕ (ಇಲಿ, ಅಳಿಲುಗಳಂತೆ ಕಡಿದು ತಿನ್ನುವ ಪ್ರಾಣಿ) ಜಾತಿಗಳಿದ್ದರೂ ಭೂಮಿಯ ಬಹುತೇಕ ಎಲ್ಲ ಮೂಲೆಗಳನ್ನು ಹಿಡಿದಿರುವವು ಮುಖ್ಯವಾಗಿ ಮೂರು: ಅಟ್ಟ ಹತ್ತುವ ಉದ್ದ ಬಾಲದ ಕಪ್ಪು ಇಲಿ, ಚರಂಡಿ ಮತ್ತು ಬಂದರುಗಳನ್ನು ಇಷ್ಟಪಡುವ ದಪ್ಪನೆಯ ಕಂದು ಇಲಿ, ಮತ್ತು ಹೆಬ್ಬೆರಳಿನಷ್ಟೇ ಇರುವ ಚಿಟ್ಟಿಲಿ. ಕಂದು ಇಲಿಯ ವೈಜ್ಞಾನಿಕ ಹೆಸರಿನಲ್ಲಿ ನಾರ್ವೆ ದೇಶ ಸೇರಿಕೊಂಡಿರುವುದು 1769ರಲ್ಲಿ ಆದ ಒಂದು ತಪ್ಪು ತಿಳಿವಳಿಕೆಯಿಂದ; ಅದರ ಮೂಲ ಪೂರ್ವ ಏಷ್ಯಾ.

ಒಂದು ಜಾತಿ ಒಂದು ಕಡೆ ಆಕ್ರಮಣಕಾರಿ, ಇನ್ನೊಂದು ಕಡೆ ಮೂಲನಿವಾಸಿ ಆಗಿರಬಹುದು ಎಂಬುದನ್ನು ಮರೆಯಬಾರದು. ಮುಂದಿನ ಪ್ರಶ್ನೆ ಅದರದ್ದೇ.

ನಮ್ಮ ಐನ್‌ಮನೆಯ ಅಟ್ಟದಲ್ಲಿ ಓಡಾಡುವ ಇಲಿ ಹೊರಗಿನಿಂದ ಬಂದದ್ದಾ?

ಈ ಪ್ರಶ್ನೆ ಕೇಳಿದವರು ಬ್ರಿಟಿಷರು ಕಾಫಿಯ ಜೊತೆ ಇಲಿಯನ್ನೂ ತಂದಿರಬೇಕು ಎಂದುಕೊಂಡಿದ್ದರು. ನಡೆದದ್ದು ಹೆಚ್ಚುಕಡಿಮೆ ತಿರುಗಾಮುರುಗ. ಅಟ್ಟದ ಇಲಿ, ಅಂದರೆ ಪುಸ್ತಕದ ರ‍್ಯಾಟಸ್ ರ‍್ಯಾಟಸ್, ಭಾರತ ಉಪಖಂಡದಲ್ಲಿ ಹುಟ್ಟಿದ ಜಾತಿ. ಜೀವಕೋಶದೊಳಗೆ ಜೀನುಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳ ಎಣಿಕೆಯೂ ಇದನ್ನೇ ಹೇಳುತ್ತದೆ. ಪೂರ್ವ ಏಷ್ಯಾದ ಕಪ್ಪು ಇಲಿಗಳಲ್ಲಿ 42 ವರ್ಣತಂತುಗಳಿದ್ದರೆ ದಕ್ಷಿಣ ಭಾರತದ ಇಲಿಯಲ್ಲಿ ಇರುವುದು 38, ಮತ್ತು ಯೂರೋಪ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹಡಗು ಹತ್ತಿ ಹೋದದ್ದು ಈ 38ರ ಬಳಗವೇ. ಯೂರೋಪಿಗೆ ಅದು ಎರಡು ಸಲ ಹೋಯಿತು. ಒಮ್ಮೆ ರೋಮನ್ನರ ಕಾಲದಲ್ಲಿ ಹಬ್ಬಿ, ಅವರ ಸಾಮ್ರಾಜ್ಯ ಬಿದ್ದ ಮೇಲೆ ಬಹಳಷ್ಟು ಕಡೆ ಅಳಿದು, ಮಧ್ಯಯುಗದಲ್ಲಿ ಹೊಸದಾಗಿ ಬಂದಿತೆಂದು ಹಳೆಯ ಎಲುಬುಗಳಿಂದ ತೆಗೆದ ಡಿಎನ್‌ಎ ತೋರಿಸಿದೆ.

ಆದ್ದರಿಂದ ನಮ್ಮ ಅಟ್ಟದಲ್ಲಿರುವುದು ಪರದೇಶಿಯಲ್ಲ, ಪರದೇಶಕ್ಕೆ ಹೋದವರ ಊರಿನ ನೆಂಟ. ಇದೇ ಬೆಟ್ಟಗಳಲ್ಲಿ ಬಿಳಿ ಹೊಟ್ಟೆಯ ಸಹ್ಯಾದ್ರಿ ಕಾಡಿಲಿಯೂ ಇದೆ. ಬಾಲದ ತುದಿಯಲ್ಲಿ ಕುಂಚದಂತೆ ಕೂದಲಿರುವ, ಮರದ ಪೊಟರೆಯಲ್ಲಿ ಬದುಕುವ, ಕಾಳುಮೆಣಸನ್ನೂ ಬಿಡದ ಮುಳ್ಳುಗೂದಲಿನ ಪುಟ್ಟ ದಂಶಕವೂ ಇದೆ. ಇವೆರಡೂ ಪಶ್ಚಿಮಘಟ್ಟವನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಒಂದೇ ಮಳೆಯಲ್ಲಿ ನೆನೆದ ಮೂವರಲ್ಲಿ ಒಂದು ಮಾತ್ರ ವಿಶ್ವ ಸಂಚಾರಿಯಾಯಿತು. ಮನುಷ್ಯನ ದವಸಕ್ಕೆ ಬಾಯಿ ಹಾಕಲು, ಮನೆಯ ಮಾಡಿನಲ್ಲಿ ಮರಿ ಹಾಕಲು, ಹಗ್ಗದ ಮೇಲೆ ನಡೆಯಲು ಅದಕ್ಕೆ ಬರುತ್ತಿತ್ತು.

ಹೊಸ ಹವೆಗೆ ಇಲಿ ಒಗ್ಗಿಕೊಂಡಿತು ಅಂದರೆ ಅದರ ಜೀನ್ ಬದಲಾಯಿತು ಅಂತಲೇ ಅರ್ಥವಾ?

ಅಲ್ಲ, ಮತ್ತು ಈ ವಿಷಯದಲ್ಲಿ ಆಗುವ ಗೊಂದಲಗಳೆಲ್ಲ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. "ಒಗ್ಗಿತು" ಎಂಬ ಒಂದೇ ಮಾತನ್ನು ನಾವು ಎರಡು ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಮಂಗಳೂರಿನಿಂದ ಮದುವೆಯಾಗಿ ಮಡಿಕೇರಿಗೆ ಬಂದ ಸೊಸೆ ಮೊದಲ ಮಳೆಗಾಲದಲ್ಲಿ ನಡುಗುತ್ತಾಳೆ, ಮೂರನೆಯ ಮಳೆಗಾಲದ ಹೊತ್ತಿಗೆ ಸ್ವೆಟರ್ ಇಲ್ಲದೆ ಅಂಗಳ ಗುಡಿಸುತ್ತಾಳೆ. ಇಲ್ಲಿ ಬದಲಾದದ್ದು ಒಂದು ಜೀವದ ಮೈ, ಅದೂ ಆ ಜೀವದ ಆಯುಸ್ಸಿನೊಳಗೆ. ಇಲಿಯೂ ಹೀಗೆ ಚಳಿಯಲ್ಲಿ ತುಪ್ಪಳ ದಟ್ಟ ಮಾಡಿಕೊಳ್ಳುತ್ತದೆ, ಮೈಯೊಳಗೆ ಶಾಖ ಹುಟ್ಟಿಸುವ ಕಂದು ಕೊಬ್ಬನ್ನು ಹೆಚ್ಚು ಬಳಸುತ್ತದೆ. ಇದನ್ನು ಈ ಬರಹದಲ್ಲಿ ಒಗ್ಗುವಿಕೆ ಎಂದೇ ಕರೆಯುತ್ತೇನೆ.

ವಂಶವಾಹಿಯ, ಅಂದರೆ ಜೀನಿನ, ಹೊಂದಾಣಿಕೆ ಬೇರೆ. ಅದರಲ್ಲಿ ಯಾವ ಇಲಿಯೂ ಬದಲಾಗುವುದಿಲ್ಲ. ಹುಟ್ಟುವಾಗಲೇ ಚೂರುಪಾರು ವ್ಯತ್ಯಾಸಗಳಿಂದ ಹುಟ್ಟಿದ ನೂರು ಮರಿಗಳಲ್ಲಿ ಯಾವುವು ಚಳಿಗಾಲ ದಾಟಿ ಮರಿ ಹಾಕಿದವು, ಯಾವುವು ದಾಟದೆ ಸತ್ತವು ಎಂಬ ಲೆಕ್ಕ ಮಾತ್ರ ಬದಲಾಗುತ್ತದೆ. ಉಳಿದವುಗಳ ವಂಶವಾಹಿಗಳು ಮುಂದಿನ ಪೀಳಿಗೆಯಲ್ಲಿ ತುಸು ಹೆಚ್ಚಾಗುತ್ತವೆ, ಅದರ ಮುಂದಿನದರಲ್ಲಿ ಇನ್ನೂ ತುಸು. ಹೀಗೆ ಬದಲಾಗುವುದು ವಂಶ; ಈ ಸೋಸುವಿಕೆಗೇ ಆಯ್ಕೆ ಎನ್ನುವುದು. ಇಲಿ "ಪ್ರಯತ್ನಪಟ್ಟು" ಜೀನ್ ಬದಲಿಸಿಕೊಳ್ಳುತ್ತದೆ ಎಂದು ಉತ್ತರ ಪತ್ರಿಕೆಯಲ್ಲಿ ಬರೆದವರಿಗೆ ನಾನು ಅಂಕ ಕೊಟ್ಟವನಲ್ಲ.

ಇದಕ್ಕೆಲ್ಲ ಲಕ್ಷಾಂತರ ವರ್ಷ ಬೇಕಲ್ಲವೇ? ಇಲಿ ಅಮೆರಿಕಕ್ಕೆ ಹೋಗಿ ಎಷ್ಟು ಕಾಲವಾಯಿತು?

ವರ್ಷವನ್ನು ಎಣಿಸಬಾರದು, ಪೀಳಿಗೆಯನ್ನು ಎಣಿಸಬೇಕು. ಚಿಟ್ಟಿಲಿ ಸುಮಾರು 20 ದಿನ ಬಸಿರಿರುತ್ತದೆ, ಮರಿ ಆರೆಂಟು ವಾರದಲ್ಲಿ ತಾನೇ ತಾಯಾಗಬಲ್ಲದು. ವರ್ಷಕ್ಕೆ ಎರಡೇ ಪೀಳಿಗೆ ಎಂದು ಬಿಗಿ ಕೈಯಿಂದ ಲೆಕ್ಕ ಹಾಕಿದರೂ, ಯೂರೋಪಿನ ಹಡಗುಗಳ ಜೊತೆ ಅಮೆರಿಕ ಖಂಡಗಳಿಗೆ ಹೋದ ಸುಮಾರು 500 ವರ್ಷಗಳಲ್ಲಿ ಸಾವಿರ ಪೀಳಿಗೆ ಕಳೆದಿದೆ. ಪೀಳಿಗೆಗೆ 25 ವರ್ಷದಂತೆ ಮನುಷ್ಯರಲ್ಲಿ ಅಷ್ಟು ಪೀಳಿಗೆ ಕಳೆಯಲು 25,000 ವರ್ಷ ಹಿಡಿಯುತ್ತದೆ. ಕೊಡಗಿನಲ್ಲಿ ಕಾಫಿ ತೋಟಗಳು ಹಬ್ಬಲು ತೊಡಗಿದ 19ನೇ ಶತಮಾನದ ನಡುವಿನಿಂದ ಈಚೆಗೇ ನಮ್ಮ ಗೋದಾಮಿನ ಇಲಿಗಳು ಮುನ್ನೂರಕ್ಕೂ ಹೆಚ್ಚು ತಲೆಮಾರು ಕಂಡಿರುತ್ತವೆ.

## ಮೈ, ಬಾಲ, ಗೂಡು

ಚಳಿ ದೇಶಕ್ಕೆ ಹೋದ ಇಲಿ ದಪ್ಪ ಆಗುತ್ತದಂತೆ. ನಿಜವೇ, ಅಥವಾ ಅಲ್ಲಿ ತಿನ್ನಲು ಹೆಚ್ಚು ಸಿಗುತ್ತದೆ ಅಂತಲೇ?

ಒಳ್ಳೆಯ ಅನುಮಾನ. ಒಂದೇ ಬಗೆಯ ಪ್ರಾಣಿಗಳಲ್ಲಿ ಚಳಿಯ ಕಡೆಯವು ಗಾತ್ರದಲ್ಲಿ ದೊಡ್ಡವು ಎಂಬುದನ್ನು ಜರ್ಮನಿಯ ಬರ್ಗ್‌ಮನ್ 1847ರಲ್ಲಿ ಹೇಳಿದರು. ಮೈ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಕಡಿಮೆಯಾಗುತ್ತದೆ, ಆದ್ದರಿಂದ ಶಾಖ ಸೋರುವುದೂ ಕಡಿಮೆ. ದೊಡ್ಡ ಹಂಡೆಯ ನೀರು ಚೊಂಬಿನ ನೀರಿಗಿಂತ ನಿಧಾನವಾಗಿ ಆರುವುದು ಇದೇ ಕಾರಣಕ್ಕೆ.

ಆದರೆ ಕಾಡಿನಲ್ಲಿ ಹಿಡಿದ ಇಲಿ ದಪ್ಪಗಿದ್ದ ಮಾತ್ರಕ್ಕೆ ಅದು ವಂಶದ ಗುಣವೋ ಉಂಡದ್ದರ ಗುಣವೋ ಹೇಳಲಾಗದು. ಬೇರೆ ಬೇರೆ ಊರಿನ ಇಲಿಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಆಹಾರ ಕೊಟ್ಟು, ಪೀಳಿಗೆ ಕಳೆಯುವ ತನಕ ಸಾಕಿ, ಆಮೇಲೂ ವ್ಯತ್ಯಾಸ ಉಳಿಯುತ್ತದೆಯೇ ಎಂದು ನೋಡಬೇಕು. ಅಮೆರಿಕದ ಪೂರ್ವ ಕರಾವಳಿಯ ಉದ್ದಕ್ಕೆ, ಸೆಕೆಯ ಫ್ಲೋರಿಡಾದಿಂದ ಹಿಮ ಬೀಳುವ ಉತ್ತರದ ರಾಜ್ಯಗಳವರೆಗೆ ಐದು ಕಡೆ ಹಿಡಿದ ಚಿಟ್ಟಿಲಿಗಳ ಮೇಲೆ ಇಂಥ ಅಧ್ಯಯನ ನಡೆದು 2018ರಲ್ಲಿ ಪ್ರಕಟವಾಯಿತು. ಪ್ರಯೋಗಶಾಲೆಯಲ್ಲೇ ಹುಟ್ಟಿ ಬೆಳೆದ ಮೇಲೂ ಉತ್ತರದ ಸಂತತಿ ದೊಡ್ಡದಾಗಿಯೇ ಉಳಿಯಿತು.

ಗಾತ್ರ ಕಂಡಲ್ಲೆಲ್ಲ ಚಳಿಯನ್ನೇ ಕಾರಣ ಮಾಡುವುದೂ ತಪ್ಪು. ದಕ್ಷಿಣ ಅಟ್ಲಾಂಟಿಕ್‌ನ ಗಫ್ ದ್ವೀಪಕ್ಕೆ 19ನೇ ಶತಮಾನದಲ್ಲಿ ಸೀಲ್ ಬೇಟೆಗಾರರ ಜೊತೆ ಬಂದಿಳಿದ ಚಿಟ್ಟಿಲಿಗಳು ಈಗ ಮುಖ್ಯಭೂಮಿಯ ಚಿಟ್ಟಿಲಿಗಿಂತ ಸುಮಾರು ಎರಡು ಪಟ್ಟು ತೂಗುತ್ತವೆ, ಮತ್ತು ಆ ಗಾತ್ರವೂ ವಂಶದ್ದೇ. ಅಲ್ಲಿ ಹಿಡಿದು ತಿನ್ನುವ ಬೆಕ್ಕಿಲ್ಲ, ಹಾವಿಲ್ಲ. ಗೂಡಿನಲ್ಲಿ ಕುಳಿತ ಆಲ್ಬಟ್ರಾಸ್ ಹಕ್ಕಿಯ ಮರಿಗಳನ್ನು ಈ ಇಲಿಗಳು ಜೀವಂತವಾಗಿಯೇ ತಿನ್ನುತ್ತವೆ.

ಬಾಲ ಮತ್ತು ಕಿವಿಯ ವಿಷಯವೂ ಹಾಗೆಯೇ? ಚಳಿಯಲ್ಲಿ ಗಿಡ್ಡ ಆಗುತ್ತವೆ ಅಂತ ಓದಿದ್ದೇನೆ.

ಗಿಡ್ಡವಾಗುವುದು ನಿಜ, ಆದರೆ "ಹಾಗೆಯೇ" ಅಲ್ಲ. ಈ ಇಡೀ ವಿಷಯದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಪ್ರಯೋಗ ಇಲ್ಲಿದೆ. ಚಳಿಯ ನ್ಯೂಯಾರ್ಕ್ ರಾಜ್ಯದಿಂದ ತಂದ ಚಿಟ್ಟಿಲಿಗಳ ವಂಶವನ್ನೂ, ಭೂಮಧ್ಯರೇಖೆಯ ಹತ್ತಿರ ಅಮೆಜಾನ್ ಕಾಡಿನ ನಡುವೆ ಇರುವ ಬ್ರೆಜಿಲಿನ ಮನೌಸ್‌ನಿಂದ ತಂದ ವಂಶವನ್ನೂ ಪ್ರಯೋಗಶಾಲೆಯಲ್ಲಿ ಬೆಳೆಸಿ, ಎರಡರ ಮರಿಗಳನ್ನೂ ಎರಡು ಪಾಲು ಮಾಡಿ, ಒಂದು ಪಾಲನ್ನು 21 ಡಿಗ್ರಿಯಲ್ಲಿ, ಇನ್ನೊಂದನ್ನು 5 ಡಿಗ್ರಿಯಲ್ಲಿ ಬೆಳೆಸಿದರು.

ಮೈಯ ತೂಕದಲ್ಲಿ ಕೋಣೆಯ ಉಷ್ಣಾಂಶ ಹೆಚ್ಚು ಪರಿಣಾಮ ಮಾಡಲಿಲ್ಲ. ನ್ಯೂಯಾರ್ಕಿನ ವಂಶ ಎರಡೂ ಕಡೆ ದೊಡ್ಡದು, ಬ್ರೆಜಿಲಿನದು ಎರಡೂ ಕಡೆ ಸಣ್ಣದು. ಬಾಲದ ಕಥೆ ಬೇರೆ. ವಂಶ ಯಾವುದೇ ಇರಲಿ, ಚಳಿಯಲ್ಲಿ ಬೆಳೆದ ಮರಿಗಳ ಬಾಲ ಗಿಡ್ಡವಾಯಿತು. ಎಳೆಯ ಬಾಲದೊಳಗಿನ ಮೃದ್ವಸ್ಥಿ, ಅಂದರೆ ಮೆತ್ತನೆಯ ಎಲುಬು, ತಂಪಿನಲ್ಲಿ ನಿಧಾನವಾಗಿ ಬೆಳೆಯುತ್ತದೆ, ಬೆಚ್ಚಗಿದ್ದರೆ ಚೆನ್ನಾಗಿ ಬೆಳೆಯುತ್ತದೆ. ಅಂದರೆ ಒಂದೇ ಇಲಿಯಲ್ಲಿ ಮೈಯ ಗಾತ್ರ ಬಹುಮಟ್ಟಿಗೆ ಅಜ್ಜಿಯಿಂದ ಬಂದ ಆಸ್ತಿ, ಬಾಲದ ಉದ್ದದಲ್ಲಿ ದೊಡ್ಡ ಪಾಲು ಬೆಳೆದ ಕೋಣೆಯದು. ಒಗ್ಗುವಿಕೆ ಮತ್ತು ಹೊಂದಾಣಿಕೆ ಒಂದೇ ಮೈಯಲ್ಲಿ ಅಕ್ಕಪಕ್ಕ ಇರುತ್ತವೆ, ಮತ್ತು ಬರಿ ಕಣ್ಣಿನಿಂದ ನೋಡಿ ಇದು ಯಾವುದು ಎಂದು ಹೇಳುವ ಉಪಾಯವಿಲ್ಲ.

ಗೂಡು ಕಟ್ಟುವುದು ಕೂಡ ಜೀನಿನಲ್ಲಿ ಇರುತ್ತದಾ? ಅದು ಕಲಿತದ್ದಲ್ಲವೇ?

ಕಳೆದ ಜನವರಿಯಲ್ಲಿ ನಮ್ಮ ಗೋದಾಮಿನಲ್ಲಿ ರೋಬಸ್ಟಾ ಚೆರಿಯ ಮೂಟೆಗಳನ್ನು ಸರಿಸುವಾಗ ಗೋಡೆಯ ಮೂಲೆಯಲ್ಲಿ ಒಂದು ಗೂಡು ಸಿಕ್ಕಿತು. ಗೋಣಿಯ ನಾರನ್ನು ಹತ್ತಿಯಷ್ಟು ನುಣ್ಣಗೆ ಸಿಗಿದು ಒಳಗೆ ಹಾಸಿ, ಅದರ ಸುತ್ತ ಒಣಗಿದ ಸಿಲ್ವರ್ ಓಕ್ ಎಲೆಗಳನ್ನು ಸುತ್ತಿ, ಹೊರಗೆ ಹಳೆಯ ಲೆಕ್ಕದ ಪುಸ್ತಕದ ಹಾಳೆಯನ್ನು ಹರಿದು ಹೊದಿಸಲಾಗಿತ್ತು. ಒಳಗೆ ಬೆರಳಿಟ್ಟರೆ ಹೊರಗಿನ ಚಳಿಯ ಸುಳಿವೇ ಇರಲಿಲ್ಲ. ನಾಲ್ಕು ಕೆಂಪು ಮರಿಗಳು ಕಣ್ಣು ಬಿಡದೆ ಮಲಗಿದ್ದವು.

ಹೀಗೆ ಕಟ್ಟಲು ಯಾರೂ ಕಲಿಸಬೇಕಿಲ್ಲ. ಪ್ರಯೋಗಶಾಲೆಯಲ್ಲಿ ಇಲಿಗೆ ತೂಗಿದ ಹತ್ತಿಯನ್ನು ಕೊಟ್ಟು, ಅದು ಎಷ್ಟನ್ನು ಗೂಡಿಗೆ ಎಳೆದುಕೊಂಡಿತೆಂದು ಮತ್ತೆ ತೂಗಿ ಈ ಗುಣವನ್ನು ಅಳೆಯುತ್ತಾರೆ. ಒಂದೇ ಉಷ್ಣಾಂಶದಲ್ಲಿ ಸಾಕಿದರೂ ಉತ್ತರ ಅಮೆರಿಕದ ಉತ್ತರ ಭಾಗದ ಚಿಟ್ಟಿಲಿಗಳು ದಕ್ಷಿಣದವುಗಳಿಗಿಂತ ದೊಡ್ಡ ಗೂಡು ಕಟ್ಟುತ್ತವೆ. ಚಳಿಯನ್ನೇ ಕಾಣದ ಮರಿಗೂ ಚಳಿಗೆ ತಕ್ಕ ಗೂಡಿನ ಹಂಬಲ ಬಂದಿರುತ್ತದೆ. ಹವಾಗುಣವು ಇಲಿಯ ಮೈಯನ್ನಷ್ಟೇ ತಿದ್ದಿಲ್ಲ, ನಡವಳಿಕೆಯನ್ನೂ ತಿದ್ದಿದೆ.

ಚಳಿಯ ಮಾತಾಯಿತು. ನೀರೇ ಇಲ್ಲದ ಕಡೆ?

ಅಲ್ಲಿಯೂ ಇದೇ ಬಗೆಯ ಕಥೆ. ಅಮೆರಿಕದ ಅರಿಜೋನಾ ಮರುಭೂಮಿಯ ಟೂಸಾನ್‌ನಿಂದ ಬಂದ ಚಿಟ್ಟಿಲಿಗಳ ವಂಶ, ಕೆನಡಾದ ಎಡ್ಮಂಟನ್‌ನ ವಂಶಕ್ಕಿಂತ ಕಡಿಮೆ ನೀರು ಕುಡಿಯುತ್ತದೆ, ಎರಡಕ್ಕೂ ಬೇಕಾದಷ್ಟು ನೀರಿಟ್ಟರೂ.

## ತೊಡಕಿನ ಪ್ರಶ್ನೆಗಳು

ಹಡಗಿನಲ್ಲಿ ಬಂದದ್ದು ನಾಲ್ಕಾರು ಇಲಿ. ಅಷ್ಟು ಸಣ್ಣ ಬಂಡವಾಳದಿಂದ ಹೊಂದಾಣಿಕೆಗೆ ಬೇಕಾದ ವೈವಿಧ್ಯ ಎಲ್ಲಿಂದ ಬರುತ್ತದೆ?

ಕೆಲವೇ ಪ್ರಾಣಿಗಳಿಂದ ಶುರುವಾದ ಸಂತತಿಯಲ್ಲಿ ವಂಶವಾಹಿಗಳ ವೈವಿಧ್ಯ ಕುಗ್ಗುತ್ತದೆ ಎಂಬುದು ಸರಿ. ಆದರೂ ಉತ್ತರ ಅಮೆರಿಕದ ಮಸ್ಕ್‌ರ‍್ಯಾಟ್ ಎಂಬ ನೀರಿನ ದಂಶಕದ ಕೆಲವೇ ಕೆಲವು ಪ್ರಾಣಿಗಳನ್ನು 1905ರಲ್ಲಿ ಪ್ರಾಗ್ ನಗರದ ಹತ್ತಿರ ಬಿಟ್ಟದ್ದರಿಂದ ಶುರುವಾದ ಹಾವಳಿ ಯೂರೋಪಿನ ಉದ್ದಗಲಕ್ಕೂ ಹರಡಿತು. ಇದನ್ನು ಕಂಡವರಿಗೆ ಒಗಟೆನಿಸುವುದು ಸಹಜ.

ಒಗಟನ್ನು ಬಿಡಿಸುವ ಎಳೆಗಳು ಹಲವು. ಬಂದರಿಗೆ ಹಡಗು ಒಂದೇ ಸಲ ಬರುವುದಿಲ್ಲ. ಪ್ರತಿ ಹಡಗಿನ ಇಲಿಯೂ ಹೊಸ ಬಂಡವಾಳ ತರುತ್ತದೆ, ಬೇರೆ ಬೇರೆ ಊರಿನವು ಕೂಡಿದರೆ ವೈವಿಧ್ಯ ಮೂಲ ನೆಲೆಗಿಂತಲೂ ಹೆಚ್ಚಾಗಬಹುದು. ಎರಡನೆಯದಾಗಿ, ಗಾತ್ರದಂಥ ಗುಣವನ್ನು ನೂರಾರು ವಂಶವಾಹಿಗಳು ಸೇರಿ ನಿರ್ಧರಿಸುವುದರಿಂದ, ಸಣ್ಣ ಗುಂಪಿನಲ್ಲೂ ಆಯ್ಕೆಗೆ ಸಿಗುವಷ್ಟು ವ್ಯತ್ಯಾಸ ಅಡಗಿರುತ್ತದೆ. ಹೊಸ ರೂಪಾಂತರಗಳೂ, ಅಂದರೆ ಡಿಎನ್‌ಎಯಲ್ಲಿ ಹೊಸದಾಗಿ ಆಗುವ ಬದಲಾವಣೆಗಳೂ, ನಿಲ್ಲುವುದಿಲ್ಲ. ಚಿಟ್ಟಿಲಿಯ ಜೀನೋಮಿನಲ್ಲಿ, ಅಂದರೆ ಅದರ ಇಡೀ ಡಿಎನ್‌ಎ ಬರಹದಲ್ಲಿ, ಸುಮಾರು 270 ಕೋಟಿ ಅಕ್ಷರಗಳಿದ್ದು, ಪ್ರತಿ ಮರಿಯೂ ತಂದೆತಾಯಿಯಲ್ಲಿಲ್ಲದ ಸುಮಾರು 20ರಿಂದ 30 ಅಕ್ಷರ ವ್ಯತ್ಯಾಸಗಳನ್ನು ಹೊತ್ತು ಹುಟ್ಟುತ್ತದೆ. ಆದರೆ ಐನೂರು ವರ್ಷದೊಳಗಿನ ಹೊಂದಾಣಿಕೆಯಲ್ಲಿ ಹೊಸ ರೂಪಾಂತರಕ್ಕಿಂತ ಹಡಗು ಹತ್ತುವ ಮುಂಚೆಯೇ ಜೇಬಿನಲ್ಲಿದ್ದ ಹಳೆಯ ಚಿಲ್ಲರೆಯೇ ಹೆಚ್ಚು ಕೆಲಸ ಮಾಡಿದೆ.

"ಚಳಿಯ ಜೀನ್" ಅಂತ ಒಂದು ಸಿಕ್ಕಿದೆಯೇ?

ಒಂದೇ ಒಂದು ಅಂಥದ್ದಿಲ್ಲ. ಆಯ್ಕೆಯ ಗುರುತು ಕಂಡ ಜಾಗಗಳು ಜೀನೋಮಿನ ತುಂಬ ಚದುರಿವೆ. ಅವುಗಳಲ್ಲಿ ಚಯಾಪಚಯಕ್ಕೆ (ಉಂಡದ್ದನ್ನು ಮೈ ಶಕ್ತಿಯಾಗಿಸುವ ಕ್ರಿಯೆಗೆ), ಮೈತೂಕಕ್ಕೆ, ರೋಗನಿರೋಧಕ್ಕೆ ಸಂಬಂಧಿಸಿದವು ಎದ್ದು ಕಾಣುತ್ತವೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಬದಲಾದದ್ದು ಹೆಚ್ಚಾಗಿ ಪ್ರೋಟೀನಿನ ರಚನೆಯಲ್ಲ, ಆ ಪ್ರೋಟೀನು ಎಷ್ಟು ತಯಾರಾಗಬೇಕು, ಎಲ್ಲಿ, ಯಾವಾಗ ಎಂದು ಹೇಳುವ ನಿಯಂತ್ರಣ ಭಾಗ. ಪಂಪ್‌ಸೆಟ್ಟನ್ನು ಬದಲಿಸದೆ ವಾಲ್ವನ್ನು ಮಾತ್ರ ತಿರುಗಿಸಿದ ಹಾಗೆ. ಪ್ರೋಟೀನನ್ನೇ ಬದಲಿಸಿದರೆ ಅದು ಕೆಲಸ ಮಾಡುವ ಎಲ್ಲ ಅಂಗಗಳಲ್ಲೂ ಪರಿಣಾಮವಾಗುತ್ತದೆ; ನಿಯಂತ್ರಣ ಭಾಗ ತಿದ್ದಿದರೆ ಯಕೃತ್ತಿನಲ್ಲಿ ಮಾತ್ರ, ಅಥವಾ ಕಂದು ಕೊಬ್ಬಿನಲ್ಲಿ ಮಾತ್ರ ಬದಲಾವಣೆ ತರಬಹುದು. ಹೀಗಾಗಿ ಅವಸರದ ಹೊಂದಾಣಿಕೆಗೆ ಈ ದಾರಿ ಸಲೀಸು.

ಇದೆಲ್ಲ ಹವೆಯಿಂದಲೇ ಆಯಿತು ಅಂತ ಹೇಗೆ ಹೇಳುತ್ತೀರಿ? ಆಕಸ್ಮಿಕವೂ ಆಗಿರಬಹುದಲ್ಲ?

ಆಕಸ್ಮಿಕದ ಪಾತ್ರ ದೊಡ್ಡದು. ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದ ಚಿಟ್ಟಿಲಿಗಳು ಇದಕ್ಕೆ ಸಾಕ್ಷಿ. ಅವುಗಳ ಪೂರ್ವಜರಲ್ಲಿದ್ದ 40 ವರ್ಣತಂತುಗಳು ಒಂದಕ್ಕೊಂದು ಬೆಸೆದುಕೊಂಡು, ಆ ಪುಟ್ಟ ದ್ವೀಪದ ಕಡಿದಾದ ಕಣಿವೆಗಳಲ್ಲಿ 22ರಿಂದ 30ರವರೆಗಿನ ಎಣಿಕೆಯ ಆರು ಪಂಗಡಗಳಾದವು. ಬೆಟ್ಟಗಳು ಸಣ್ಣ ಗುಂಪುಗಳನ್ನು ಬೇರ್ಪಡಿಸಿದ್ದಕ್ಕೂ ದೈವಗತಿಗೂ ಇದರಲ್ಲಿ ಪಾಲಿದೆ. ಹವೆ ಒಪ್ಪಿಸಿದ ಬದಲಾವಣೆ ಎಂದು ಇದನ್ನು ಯಾರೂ ಹೇಳುವುದಿಲ್ಲ.

ಆಯ್ಕೆಯನ್ನು ಆಕಸ್ಮಿಕದಿಂದ ಬೇರ್ಪಡಿಸುವ ಗಟ್ಟಿ ಮಾರ್ಗವೆಂದರೆ ಪುನರಾವರ್ತನೆ. ಅಮೆರಿಕದ ಪೂರ್ವದಂತೆಯೇ ಪಶ್ಚಿಮದಲ್ಲೂ ದಕ್ಷಿಣದಿಂದ ಉತ್ತರಕ್ಕೆ ಇಲಿಗಳನ್ನು ಹಿಡಿದು ಹೋಲಿಸಿದ ಅಧ್ಯಯನ 2021ರಲ್ಲಿ ಬಂದಿತು. ಎರಡೂ ಕಡೆ ಉತ್ತರದವು ದೊಡ್ಡವು, ಮತ್ತು ಆಯ್ಕೆಯ ಗುರುತಿರುವ ವಂಶವಾಹಿಗಳ ಎರಡು ಪಟ್ಟಿಗಳಲ್ಲಿ ಕಾಕತಾಳೀಯಕ್ಕೆ ಮೀರಿದಷ್ಟು ಹೆಸರುಗಳು ಒಂದೇ ಆಗಿದ್ದವು. ಲಾಟರಿ ಒಬ್ಬನಿಗೇ ಎರಡು ಊರಿನಲ್ಲಿ ಹೊಡೆದರೆ ಅನುಮಾನ ಬರಲೇಬೇಕು.

ಮೊದಲು ಕೆಲಸ ಮಾಡುತ್ತಿದ್ದ ಪಾಷಾಣಕ್ಕೆ ಈಗ ಇಲಿ ಸಾಯುತ್ತಿಲ್ಲ. ಇದೂ ಜೀನಿನ ಬದಲಾವಣೆಯಾ?

ಹವಾಗುಣದ ಪ್ರಶ್ನೆಯಲ್ಲದಿದ್ದರೂ ತೋಟದವರು ತಪ್ಪದೆ ಕೇಳುವುದರಿಂದ ಸೇರಿಸಿದ್ದೇನೆ. ಮೊದಲು ನೋಡಬೇಕಾದದ್ದು ಯಾವ ಪಾಷಾಣ ಎಂದು. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಆದರೆ, ಸಾಯದಷ್ಟು ತಿಂದು ಹೊಟ್ಟೆ ಕೆಡಿಸಿಕೊಂಡ ಇಲಿ ಮತ್ತೆ ಅದನ್ನು ಮುಟ್ಟುವುದಿಲ್ಲ. ಅದು ಕಲಿತ ಭಯವೇ ಹೊರತು ವಂಶದ ಗುಣವಲ್ಲ. ಎರಡು ದಿನ ವಿಷವಿಲ್ಲದ ಅಕ್ಕಿ ಇಟ್ಟು ನಂಬಿಕೆ ಬರಿಸಿದ ಮೇಲೆ ವಿಷ ಇಡುವ ಪದ್ಧತಿ ಇದಕ್ಕಾಗಿಯೇ ಇದೆ.

ರಕ್ತ ಹೆಪ್ಪುಗಟ್ಟದಂತೆ ಮಾಡುವ ವಾರ್ಫರಿನ್ ಬಳಗದ ವಿಷವಾದರೆ ಮಾತು ಬೇರೆ. ಅದಕ್ಕೆ ಸಾಯದ ಕಂದು ಇಲಿಗಳು 1958ರಲ್ಲೇ ಸ್ಕಾಟ್‌ಲೆಂಡಿನಲ್ಲಿ ಕಂಡವು. ಕಾರಣವಾದ ವಂಶವಾಹಿ 2004ರಲ್ಲಿ ಪತ್ತೆಯಾಯಿತು, ಹೆಸರು ವಿಕೆಒಆರ್‌ಸಿ1. ಇದಕ್ಕಿಂತ ಸೋಜಿಗದ ಸಂಗತಿ 2011ರಲ್ಲಿ ಗೊತ್ತಾಯಿತು: ಯೂರೋಪಿನ ಕೆಲವು ಚಿಟ್ಟಿಲಿಗಳು ಈ ರಕ್ಷಣೆಯನ್ನು ತಾವೇ ಪಡೆದದ್ದಲ್ಲ, ಅಲ್ಜೀರಿಯನ್ ಇಲಿ ಎಂಬ ಬೇರೆಯೇ ಜಾತಿಯ ಜೊತೆ ಕೂಡಿ ಅದರಿಂದ ಕಡ ತಂದವು. ಅಂಥ ಬೆರಕೆಯಲ್ಲಿ ಎಷ್ಟೋ ಮರಿಗಳು ಬಂಜೆಯಾಗುತ್ತವೆ, ಆದರೂ ದಾಟಿದ ಕೆಲವು ಸಾಕಾದವು. ಈ ರಕ್ಷಣೆ ಪುಕ್ಕಟೆಯಲ್ಲ. ಕೆಲವು ಬಗೆಯ ನಿರೋಧಕ ಇಲಿಗಳಿಗೆ ವಿಟಮಿನ್ ಕೆ ಹೆಚ್ಚು ಬೇಕಾಗುತ್ತದೆ, ಆದ್ದರಿಂದ ವಿಷ ಇಡದ ಜಾಗದಲ್ಲಿ ಅವು ಹಿಂದೆ ಬೀಳುತ್ತವೆ.

ಮಡಿಕೇರಿಯ ಇಲಿಗೂ ಕುಶಾಲನಗರದ ಇಲಿಗೂ ಜೀನಿನಲ್ಲಿ ವ್ಯತ್ಯಾಸ ಇರಬಹುದೇ? ನಾವು ಡಿಗ್ರಿ ಪ್ರಾಜೆಕ್ಟಿಗೆ ನೋಡಬಹುದಾ?

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿ ಮಂಜಿನಲ್ಲಿ ಮುಳುಗಿದ್ದರೆ, ಮೂವತ್ತು ಕಿಲೋಮೀಟರ್ ಪೂರ್ವಕ್ಕೆ ಇಳಿದರೆ ಸಿಗುವ ಕುಶಾಲನಗರ ಬಯಲುಸೀಮೆಯ ಬಾಗಿಲು. ಹವೆಯ ವ್ಯತ್ಯಾಸವಂತೂ ಇದೆ. ಆದರೆ ಅದರ ಎದುರಿಗೆ ಲಾರಿಗಳಿವೆ. ಭತ್ತದ ಮೂಟೆ, ಕಾಫಿ ಮೂಟೆ, ತರಕಾರಿ ಬುಟ್ಟಿಗಳ ಜೊತೆ ಇಲಿಗಳು ದಿನವೂ ಮೇಲೆ ಕೆಳಗೆ ಓಡಾಡುತ್ತವೆ, ಹಾಗೆ ಹೋದಲ್ಲಿ ಕೂಡಿ ಮರಿ ಹಾಕಿದರೆ ಹವೆ ಬೇರ್ಪಡಿಸಿದ್ದನ್ನು ಮತ್ತೆ ಬೆರೆಸುತ್ತವೆ. ಆಯ್ಕೆಯ ಒತ್ತಡ ಈ ಬೆರಕೆಗಿಂತ ಬಲವಾಗಿದ್ದ ಗುಣಗಳಲ್ಲಿ ಮಾತ್ರ ವ್ಯತ್ಯಾಸ ಉಳಿಯಬಲ್ಲದು.

ಪ್ರಾಜೆಕ್ಟ್ ಮಾಡಬಹುದು. ಬೋನಿನಲ್ಲಿ ಬಿದ್ದ ಇಲಿಗಳ ಮೈತೂಕ, ತಲೆಯಿಂದ ಬಾಲದ ಬುಡದವರೆಗಿನ ಉದ್ದ, ಬಾಲ, ಕಿವಿ, ಹಿಂಗಾಲಿನ ಪಾದ, ಇಷ್ಟನ್ನು ಎರಡೂ ಊರಲ್ಲಿ ಒಂದೇ ತಿಂಗಳಲ್ಲಿ ಅಳೆಯಿರಿ. ಬಸಿರಿಯನ್ನೂ ಮರಿಗಳನ್ನೂ ತೂಕದ ಲೆಕ್ಕದಿಂದ ಹೊರಗಿಡಿ. ಮೊದಲು ಜಾತಿ ಖಚಿತ ಮಾಡಿಕೊಳ್ಳಿ. ಕಾಡಂಚಿನ ತೋಟದಲ್ಲಿ ಬಿಳಿ ಹೊಟ್ಟೆಯದು ಬಿದ್ದರೆ ಅದು ಸಹ್ಯಾದ್ರಿ ಕಾಡಿಲಿಯಾಗಿರಬಹುದು, ಅದನ್ನು ಅಟ್ಟದ ಇಲಿಯ ಪಟ್ಟಿಗೆ ಸೇರಿಸಿದರೆ ಇಡೀ ಲೆಕ್ಕ ಹಾಳು, ಮತ್ತು ಅದನ್ನು ಹಿಡಿದಲ್ಲೇ ಬಿಟ್ಟುಬಿಡಬೇಕು. ರಬ್ಬರ್ ಕೈಗವಸು ಇಲ್ಲದೆ ಯಾವುದನ್ನೂ ಮುಟ್ಟಬೇಡಿ, ಇಲಿಜ್ವರದ ರೋಗಾಣು ಮೂತ್ರದಲ್ಲಿರುತ್ತದೆ. ಮಡಿಕೇರಿಯ ಇಲಿಗಳ ಬಾಲ ಗಿಡ್ಡ ಬಂದರೆ "ಜೀನ್ ಬದಲಾಗಿದೆ" ಎಂದು ಬರೆಯಲು ಹೋಗಬೇಡಿ. ಅವು ಬೆಳೆದ ಅಟ್ಟ ಎಷ್ಟು ತಣ್ಣಗಿತ್ತು ಎಂಬುದಕ್ಕಷ್ಟೇ ಅದು ಸಾಕ್ಷಿ. ತೂಕದಲ್ಲಿ ವ್ಯತ್ಯಾಸ ಬಂದರೆ ಆಗ ಎರಡೂ ಊರಿನ ಇಲಿಗಳನ್ನು ಒಂದೇ ಕೋಣೆಯಲ್ಲಿ ಮರಿ ಮಾಡಿಸಿ ಬೆಳೆಸುವ ಕೆಲಸ ಇದೆ. ಅದಕ್ಕೆ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಎರಡು ವರ್ಷದ ತಾಳ್ಮೆ ಬೇಕು, ಬೆಕ್ಕು ನುಗ್ಗದ ಕೋಣೆಯೂ ಬೇಕು.